ಯಾವ ಕೋಳಿ ಒಳ್ಳೆಯದು ಅಂತ ಕೇಳಬೇಡಿ, ಯಾವ ಅಡುಗೆಗೆ ಯಾವ ಕೋಳಿ ಅಂತ ಕೇಳಿ



ಈ ವಾರದ ಲೇಖನ ಕೋಳಿ ಮಾಂಸದ ಬಗ್ಗೆ. ಸಸ್ಯಾಹಾರಿ ಬಂಧುಗಳು ಬೇಸರ ಮಾಡಿಕೊಳ್ಳದೆ ಇದನ್ನು ಬಿಟ್ಟು ಮುಂದಿನ ಸಂದೇಶಕ್ಕೆ ಹೋಗಬಹುದು. ಉಳಿದವರು ಸ್ವಲ್ಪ ಬಿಡುವು ಮಾಡಿಕೊಂಡು ಪೂರ್ತಿ ಓದಿ. ಇದು ನಿಮ್ಮ ಆರೋಗ್ಯಕ್ಕೂ ಜೇಬಿಗೂ ಸಂಬಂಧಪಟ್ಟ ವಿಷಯ.

ನಮ್ಮ ಗುಂಪುಗಳಲ್ಲಿ ಆಗಾಗ ಒಂದು ಸಂದೇಶ ಸುತ್ತುತ್ತಲೇ ಇರುತ್ತದೆ. "ಬ್ರಾಯ್ಲರ್ ಕೋಳಿ ವಿಷ, ಅದಕ್ಕೆ ಹಾರ್ಮೋನ್ ಚುಚ್ಚುತ್ತಾರೆ, ಮಕ್ಕಳಿಗೆ ಕೊಡಲೇಬೇಡಿ, ಜವಾರಿ ಕೋಳಿ ಮಾತ್ರ ತಿನ್ನಿ" ಅಂತ. ಇದನ್ನು ಓದಿ ಹೆದರಿದವರು ಅಂಗಡಿಗೆ ಹೋಗಿ "ಗಾವರಾನ್ ಕೊಡಿ" ಅನ್ನುತ್ತಾರೆ. ಬ್ರಾಯ್ಲರ್‌ಗಿಂತ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಣ ಕೊಡುತ್ತಾರೆ. ಮನೆಗೆ ತಂದು ಬ್ರಾಯ್ಲರ್ ಬೇಯಿಸಿದ ಹಾಗೆ ಇಪ್ಪತ್ತು ನಿಮಿಷ ಬೇಯಿಸುತ್ತಾರೆ. ತುಂಡು ಚಪ್ಪಲಿ ಹಾಗೆ ಇರುತ್ತದೆ. ಮಕ್ಕಳು ಅಗಿಯಲಾರದೆ ತಟ್ಟೆಯಲ್ಲೇ ಬಿಡುತ್ತಾರೆ, ಅಜ್ಜ ಅಜ್ಜಿಯರು ಬರೀ ರಸ ಕುಡಿದು ಏಳುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜವಾರಿ ಅಮೃತವೂ ಅಲ್ಲ, ಬ್ರಾಯ್ಲರ್ ವಿಷವೂ ಅಲ್ಲ. ಪ್ರತಿ ಕೋಳಿಗೂ ಅದಕ್ಕೆ ಒಪ್ಪುವ ಅಡುಗೆ ಇದೆ. ಆ ಜೋಡಿ ಸರಿ ಹೊಂದಿದರೆ ರುಚಿಯೂ ಸಿಗುತ್ತದೆ, ಪೌಷ್ಟಿಕತೆಯೂ ಸಿಗುತ್ತದೆ, ಮಾಂಸ ಹಸಿ ಉಳಿಯುವ ಅಪಾಯವೂ ತಪ್ಪುತ್ತದೆ. ಜೋಡಿ ತಪ್ಪಿದರೆ ಎಷ್ಟು ದುಬಾರಿ ಕೋಳಿ ತಂದರೂ ದಂಡ.

*ಮೊದಲು ಹೆಸರಿನ ಗೊಂದಲ ಬಿಡಿಸೋಣ*

ಧನಕವಡಿ, ಬಾಲಾಜಿನಗರ, ಕಾತ್ರಜ ಕಡೆ ಇರುವ ನಾವು ಬೇರೆ ಬೇರೆ ಜಿಲ್ಲೆಗಳಿಂದ ಬಂದವರು. ಕಲಬುರಗಿ, ವಿಜಯಪುರ, ಬಾಗಲಕೋಟೆಯವರಿಗೆ ಅದು ಜವಾರಿ ಕೋಳಿ. ಮೈಸೂರು, ಮಂಡ್ಯ, ಬೆಂಗಳೂರಿನವರಿಗೆ ನಾಟಿ ಕೋಳಿ. ಮಂಗಳೂರು, ಉಡುಪಿಯವರಿಗೆ ಊರ ಕೋಳಿ. ಇಲ್ಲಿಯ ಮರಾಠಿಯಲ್ಲಿ ಗಾವರಾನ್ ಅಥವಾ ಗಾವಠಿ. ಹೆಸರು ಬೇರೆಯಾದರೂ ಮಾತು ಒಂದೇ: ಊರಲ್ಲಿ ಹಿತ್ತಲು, ತಿಪ್ಪೆ, ಹೊಲದಲ್ಲಿ ಕೆದರಿಕೊಂಡು ನಿಧಾನವಾಗಿ ಬೆಳೆದ ಕೋಳಿ.

ಆದರೆ ಪೇಟೆಯಲ್ಲಿ ಸಿಗುವುದು ಬ್ರಾಯ್ಲರ್ ಮತ್ತು ಜವಾರಿ ಎಂಬ ಎರಡೇ ಜಾತಿ ಅಲ್ಲ. ಐದು ಬಗೆ ಇವೆ.

ಒಂದು, ಬ್ರಾಯ್ಲರ್. ಬಿಳಿ ಪುಕ್ಕದ ಕೋಳಿ. ಐದಾರು ವಾರದಲ್ಲೇ ಸುಮಾರು 2 ಕಿಲೋ ತೂಗುತ್ತದೆ. ನಾವು ತಿನ್ನುವ ಹೆಚ್ಚಿನ ಕೋಳಿ ಇದೇ.

ಎರಡು, ನಿಜವಾದ ಜವಾರಿ. ಒಂದು, ಒಂದೂವರೆ ಕಿಲೋ ಆಗಲು ಐದಾರು ತಿಂಗಳಾದರೂ ಬೇಕು.

ಮೂರು, ಲೇಯರ್, ಅಂದರೆ ಫಾರಂನ ಮೊಟ್ಟೆ ಕೋಳಿ. ಸುಮಾರು ಒಂದೂವರೆ ವರ್ಷ ಮೊಟ್ಟೆ ಇಟ್ಟು, ಮೊಟ್ಟೆ ಕಡಿಮೆಯಾದ ಮೇಲೆ ಮಾಂಸಕ್ಕೆ ಮಾರಾಟವಾಗುತ್ತದೆ.

ನಾಲ್ಕು, ಪೇರೆಂಟ್ ಕೋಳಿ. ಬ್ರಾಯ್ಲರ್ ಮರಿ ಮಾಡಿಸಲು ಸಾಕಿದ ತಾಯಿ ಕೋಳಿ. ವಯಸ್ಸು ವರ್ಷಕ್ಕಿಂತ ಹೆಚ್ಚು, ತೂಕ ಮೂರು ನಾಲ್ಕು ಕಿಲೋ.

ಐದು, ಸುಧಾರಿತ ತಳಿಗಳು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಮತ್ತು ಸ್ವರ್ಣಧಾರಾ, ಹೈದರಾಬಾದಿನ ವನರಾಜ ಇಂಥವು. ಬಣ್ಣ ಬಣ್ಣದ ಪುಕ್ಕ ಇರುವುದರಿಂದ ನೋಡಲು ಜವಾರಿಯಂತೆಯೇ ಕಾಣುತ್ತವೆ. ಆದರೆ ಎರಡು ಮೂರು ತಿಂಗಳಲ್ಲೇ ಕಿಲೋ ದಾಟುತ್ತವೆ. ಮಾಂಸ ಬ್ರಾಯ್ಲರ್‌ಗಿಂತ ಗಟ್ಟಿ, ಹಳೆ ಜವಾರಿಗಿಂತ ಮೆತ್ತಗೆ.

ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ ಕಡಕನಾಥ ಸಹ ಈಗ ಅಲ್ಲಲ್ಲಿ ಸಿಗುತ್ತದೆ. ಅದಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ರುಚಿಗಾಗಿ ತಿನ್ನುವವರು ತಿನ್ನಲಿ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ಅದೇ ಮದ್ದು ಎಂಬ ಮಾತು ನಂಬಿ ಸಾಲ ಮಾಡಿ ತರಬೇಡಿ.

*ಗುಟ್ಟು ಇರುವುದು ಜಾತಿಯಲ್ಲಿ ಅಲ್ಲ, ವಯಸ್ಸಿನಲ್ಲಿ*

ಕೋಳಿ ಮಾಂಸದ ಎಳೆಗಳ ನಡುವೆ ಕೊಲಾಜನ್ ಎಂಬ ಅಂಟಿನ ಪದರ ಇರುತ್ತದೆ. ಕೋಳಿಗೆ ವಯಸ್ಸಾದಂತೆ, ಓಡಾಡಿದಂತೆ ಈ ಪದರ ಗಟ್ಟಿಯಾಗುತ್ತಾ ಹೋಗುತ್ತದೆ. ನೀರಿನಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೆಂದಾಗ ಮಾತ್ರ ಅದು ಕರಗಿ ಸಾರಿಗೆ ಇಳಿಯುತ್ತದೆ. ಜವಾರಿ ಕೋಳಿ ಸಾರು ತಣ್ಣಗಾದಾಗ ಬೆರಳಿಗೆ ಅಂಟುತ್ತದಲ್ಲ, ಅದು ಇದೇ. ಸಾರಿಗೆ ಆ ಮೈ, ಆ ಪರಿಮಳ ಬರುವುದು ಹೀಗೆ.

ಬ್ರಾಯ್ಲರ್ ಇನ್ನೂ ಎಳೆಯದು. ಅದರಲ್ಲಿ ಗಟ್ಟಿ ಕೊಲಾಜನ್ ಕಡಿಮೆ. ಹಾಗಾಗಿ ಬೇಗ ಬೇಯುತ್ತದೆ. ಅದನ್ನು ಒಂದು ಗಂಟೆ ಕುದಿಸಿದರೆ ಸಾರಿಗೆ ಹೆಚ್ಚೇನೂ ಬರುವುದಿಲ್ಲ, ಮಾಂಸ ಮಾತ್ರ ಎಳೆ ಎಳೆಯಾಗಿ ಹಿಂಡಿದ ಬಟ್ಟೆಯಂತೆ ಒಣಗುತ್ತದೆ.

ಇಷ್ಟು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಬೆಂಕಿಯ ಶಾಖ ನೇರವಾಗಿ ತಗಲುವ ಅಡುಗೆಗೆ, ಎಣ್ಣೆಯಲ್ಲಿ ಕರಿಯುವುದಕ್ಕೆ, ಬೇಗ ಮುಗಿಯುವ ಅಡುಗೆಗೆ ಎಳೆ ಕೋಳಿ ಬೇಕು. ನೀರಿನಲ್ಲಿ ನಿಧಾನವಾಗಿ ಕುದಿಯುವ ಅಡುಗೆಗೆ ಬಲಿತ ಕೋಳಿ ಬೇಕು.

*ಯಾವ ಅಡುಗೆಗೆ ಯಾವುದು?*

ರೊಟ್ಟಿ, ಮುದ್ದೆ, ಅನ್ನದ ಜೊತೆ ತೆಳು ಸಾರು ಬೇಕೆಂದರೆ: ಜವಾರಿ, ಎಲುಬು ಸಮೇತ. ಪುಣೆಯ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಜವಾರಿಗೆ ಚರ್ಮ ಇರಲಿ, ಪುಕ್ಕ ತೆಗೆದು ಬೆಂಕಿಯಲ್ಲಿ ಸುಟ್ಟು ಅರಿಶಿನ ಹಚ್ಚಿದರೆ ಊರಿನ ರುಚಿ ಬರುತ್ತದೆ. ಎಳೆ ಹುಂಜಕ್ಕೆ ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಸಾಕು. ಬಲಿತ ಕೋಳಿಗೆ ಐದಾರು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ. ಮುಚ್ಚಳ ತೆಗೆದು ಒಂದು ತುಂಡು ಒತ್ತಿ ನೋಡಿ, ಮೆತ್ತಗಾಗದಿದ್ದರೆ ಇನ್ನೆರಡು ಸೀಟಿ ಕೂಗಿಸಿ. ಹುಳಿಯನ್ನು, ಟೊಮೆಟೊವನ್ನು ಮಾಂಸ ಬೆಂದ ಮೇಲೆ ಹಾಕಿ.

ಕಾಯಿ ಹಾಲಿನ ಗಸಿ, ಕೋರಿ ರೊಟ್ಟಿ, ದಪ್ಪ ಮಸಾಲೆಯ ಗ್ರೇವಿಗೆ: ಬ್ರಾಯ್ಲರ್ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಇಲ್ಲಿ ರುಚಿ ಬರುವುದು ಮಸಾಲೆಯಿಂದ. ಎಲುಬಿನ ತುಂಡು, ತೆರೆದ ಪಾತ್ರೆ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಕುಕ್ಕರ್ ಬೇಡವೇ ಬೇಡ. ಊರ ಕೋಳಿಯೇ ಬೇಕೆನ್ನುವವರು ಮೊದಲು ಬರೀ ಉಪ್ಪು, ಅರಿಶಿನದಲ್ಲಿ ಬೇಯಿಸಿಕೊಂಡು ಆಮೇಲೆ ಮಸಾಲೆಗೆ ಹಾಕಬೇಕು.

ಸುಕ್ಕಾ, ಘೀ ರೋಸ್ಟ್, ಪೆಪ್ಪರ್ ಡ್ರೈ: ಬ್ರಾಯ್ಲರ್‌ನ ಸಣ್ಣ ತುಂಡು, ಕಾಲು ಮತ್ತು ತೊಡೆಯ ಭಾಗ. ನೀರು ಆರುವಷ್ಟರಲ್ಲಿ ತೊಡೆಯ ಮಾಂಸ ಬೆಂದಿರುತ್ತದೆ, ಒಣಗಿರುವುದಿಲ್ಲ. ಎದೆ ಮಾಂಸ ಹಾಕಿದರೆ ಒಣಗುತ್ತದೆ.

ಕಬಾಬ್, ಫ್ರೈ: ಎಳೆ ಬ್ರಾಯ್ಲರ್, ಸಣ್ಣ ತುಂಡು. ದೊಡ್ಡ ತುಂಡಾದರೆ ಹೊರಗೆ ಕಪ್ಪಾಗಿ ಒಳಗೆ ಎಲುಬಿನ ಹತ್ತಿರ ಹಸಿ ಉಳಿಯುತ್ತದೆ. ಎಣ್ಣೆ ಹೊಗೆಯಾಡುವಷ್ಟು ಕಾಯಬಾರದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸಬೇಡಿ.

ತಂದೂರಿ, ಓವನ್, ಕೆಂಡದ ಮೇಲೆ ಸುಡುವುದು: ಒಂದು ಕಿಲೋ ಒಳಗಿನ ಚಿಕ್ಕ ಬ್ರಾಯ್ಲರ್. ತೊಡೆಯಲ್ಲಿ ಎಲುಬು ಮುಟ್ಟುವಂತೆ ಗೀರು ಹಾಕಿ, ಮೊಸರು ನಿಂಬೆಹಣ್ಣು ಮಸಾಲೆ ಹಚ್ಚಿ ಫ್ರಿಡ್ಜ್‌ನಲ್ಲೇ ನೆನೆಸಿಡಿ, ಹೊರಗೆ ಅಲ್ಲ. ಜವಾರಿಯನ್ನು ಹಸಿಯಾಗಿ ಕೆಂಡದ ಮೇಲೆ ಇಟ್ಟರೆ ಗಟ್ಟಿಯೂ ಆಗುತ್ತದೆ, ಒಳಗೆ ಹಸಿಯೂ ಉಳಿಯುತ್ತದೆ. ಕರಕಲಾದ ಭಾಗವನ್ನು ಕಿತ್ತು ಬಿಸಾಡಿ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಬಿರಿಯಾನಿ: ಬ್ರಾಯ್ಲರ್, ಎಲುಬಿನ ಮಧ್ಯಮ ತುಂಡು, ತೊಡೆ ಹೆಚ್ಚಿರಲಿ. ಹಸಿ ಮಾಂಸದ ಮೇಲೆ ಅಕ್ಕಿ ಹಾಕಿ ದಮ್ ಮಾಡುವ ವಿಧಾನದಲ್ಲಿ ಜವಾರಿ, ಲೇಯರ್ ಬಳಸಲೇಬೇಡಿ. ಅನ್ನ ಮುದ್ದೆಯಾಗುತ್ತದೆಯೇ ಹೊರತು ಮಾಂಸ ಬೇಯುವುದಿಲ್ಲ.

ಚಿಲ್ಲಿ ಚಿಕನ್, ಮಕ್ಕಳ ಡಬ್ಬಿಗೆ ಒಣ ಪಲ್ಯ: ಎಲುಬಿಲ್ಲದ ಎದೆ ಮಾಂಸ, ಎಳೆಗೆ ಅಡ್ಡವಾಗಿ ಕತ್ತರಿಸಿದ ತೆಳು ತುಂಡು. ಏಳೆಂಟು ನಿಮಿಷದಲ್ಲಿ ಮುಗಿಯಬೇಕು.

ಖೀಮಾ: ತೊಡೆ ಮಾಂಸ. ಖೀಮಾವನ್ನು ಎದುರಿಗೇ ಮಾಡಿಸಿಕೊಂಡು ಅವತ್ತೇ ಬೇಯಿಸಿ.

ಲೇಯರ್ ಮತ್ತು ಪೇರೆಂಟ್ ಕೋಳಿ ತಿನ್ನಬಾರದ್ದೇನಲ್ಲ. ಬೆಲೆ ಕಡಿಮೆ ಇದ್ದರೆ ಧಾರಾಳವಾಗಿ ತನ್ನಿ. ಸಾರಿಗೆ, ಸೂಪಿಗೆ ಅವು ಬಹಳ ಚೆನ್ನ. ಆದರೆ ಜವಾರಿಯ ಬೆಲೆ ಕೊಟ್ಟು ತರಬೇಡಿ.

*ಗಾವರಾನ್ ಅಂತ ಕೊಟ್ಟದ್ದು ನಿಜವಾಗಿಯೂ ಗಾವರಾನೇ?*

ಇದು ವಲಸೆ ಬಂದವರ ದೊಡ್ಡ ಸಮಸ್ಯೆ. ಊರಲ್ಲಿ ಕೋಳಿ ಯಾರ ಮನೆಯದು ಎಂದು ಗೊತ್ತಿರುತ್ತಿತ್ತು. ಇಲ್ಲಿ ಬುಟ್ಟಿಯಲ್ಲಿ ಕೂತ ಕಂದು ಕೋಳಿಯನ್ನು ನೋಡಿ ಅಂಗಡಿಯವ ಹೇಳಿದ್ದನ್ನು ನಂಬಬೇಕು. ಕಂದು ಪುಕ್ಕದ ಲೇಯರ್ ಕೂಡ ಇರುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಗಾಗಿ ಪುಕ್ಕದ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಇವನ್ನು ನೋಡಿ:

ಕೊಕ್ಕು: ಫಾರಂನ ಮೊಟ್ಟೆ ಕೋಳಿಗಳು ಒಂದನ್ನೊಂದು ಕುಕ್ಕದಿರಲೆಂದು ಮರಿಯಿದ್ದಾಗಲೇ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಕೊಕ್ಕು ಮೊಂಡಾಗಿದ್ದರೆ ಅದು ಹಿತ್ತಲಿನ ಕೋಳಿ ಅಲ್ಲ.

ಉಗುರು: ಮಣ್ಣು ಕೆದರಿದ ಕೋಳಿಯ ಉಗುರು ಸವೆದಿರುತ್ತದೆ. ಪಂಜರದಲ್ಲಿ ನಿಂತ ಕೋಳಿಯ ಉಗುರು ಉದ್ದ ಬೆಳೆದಿರುತ್ತದೆ.

ಜುಟ್ಟು ಮತ್ತು ಕಾಲು: ಲೇಯರ್‌ನ ಜುಟ್ಟು ದೊಡ್ಡದಾಗಿ ಒಂದು ಕಡೆ ಜೋತು ಬಿದ್ದಿರುವುದು ಹೆಚ್ಚು. ಬಹಳ ಕಾಲ ಮೊಟ್ಟೆಯಿಟ್ಟ ಕೋಳಿಯ ಕಾಲಿನ ಹಳದಿ ಬಣ್ಣ ಮಾಸಿ ಬಿಳಿಚಿಕೊಂಡಿರುತ್ತದೆ.

ಹೊಟ್ಟೆಯ ಕೊಬ್ಬು: ಕತ್ತರಿಸಿದಾಗ ಹೊಟ್ಟೆಯೊಳಗೆ ಹಳದಿ ಕೊಬ್ಬಿನ ಗಡ್ಡೆ ತುಂಬಿದ್ದರೆ ಅದು ಫಾರಂ ಕೋಳಿಯೇ ಇರಬೇಕು.

ಎದೆ ಮೂಳೆಯ ತುದಿ: ಇದು ವಯಸ್ಸು ತಿಳಿಯುವ ದಾರಿ. ಎದೆ ಮೂಳೆಯ ಕೆಳ ತುದಿಯನ್ನು ಬೆರಳಿಂದ ಒತ್ತಿ. ಬಾಗಿದರೆ ಎಳೆ ಕೋಳಿ, ಗಟ್ಟಿಯಾಗಿ ನಿಂತರೆ ಬಲಿತ ಕೋಳಿ. ಹುಂಜವಾದರೆ ಕಾಲಿನ ಹಿಂದಿನ ಮುಳ್ಳು ನೋಡಿ. ಉದ್ದವಾಗಿ ಗಟ್ಟಿಯಾಗಿದ್ದರೆ ಅದು ಸಾರಿಗೇ ಸರಿ.

ಅಂಗಡಿಯಲ್ಲಿ ಮರಾಠಿಯಲ್ಲಿ "ಹೀ ಲೇಯರ್ ಆಹೇ ಕಾ?" ಎಂದು ನೇರವಾಗಿ ಕೇಳಿ. ಕೇಳುವ ಗಿರಾಕಿಗೆ ಸುಳ್ಳು ಹೇಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಸಾರಿಗಾದರೆ "ರಸ್ಸ್ಯಾಸಾಠಿ", ಕರಿಯಲಾದರೆ "ತಳಾಯಲಾ" ಎಂದು ಹೇಳಿದರೆ ಅದಕ್ಕೆ ತಕ್ಕ ತುಂಡು ಮಾಡಿಕೊಡುತ್ತಾರೆ. ಇನ್ನೊಂದು ಮಾತು, ಬೆಲೆ ಜೀವಂತ ತೂಕಕ್ಕೋ ಮಾಂಸದ ತೂಕಕ್ಕೋ ಎಂದು ಮೊದಲೇ ಕೇಳಿಕೊಳ್ಳಿ. ಒಂದೂವರೆ ಕಿಲೋ ತೂಗುವ ಜೀವಂತ ಜವಾರಿಯಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ ಒಂದು ಕಿಲೋ. ಅದರಲ್ಲೂ ಎಲುಬೇ ಬಹಳ.

*ಪೌಷ್ಟಿಕತೆಯಲ್ಲಿ ಅಷ್ಟೊಂದು ವ್ಯತ್ಯಾಸ ಇದೆಯೇ?*

ಇಲ್ಲ. ಜವಾರಿಯಲ್ಲಿ ಕೊಬ್ಬು ಸ್ವಲ್ಪ ಕಡಿಮೆ, ರುಚಿ ಹೆಚ್ಚು. ಪ್ರೊಟೀನ್‌ನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಚರ್ಮವಿಲ್ಲದ ಬೆಂದ ಎದೆ ಮಾಂಸ 100 ಗ್ರಾಂನಲ್ಲಿ ಸುಮಾರು 30 ಗ್ರಾಂ ಪ್ರೊಟೀನ್, ಮೂರು ನಾಲ್ಕು ಗ್ರಾಂ ಕೊಬ್ಬು. ತೊಡೆ ಮಾಂಸದಲ್ಲಿ ಸುಮಾರು 25 ಗ್ರಾಂ ಪ್ರೊಟೀನ್, 10 ಗ್ರಾಂ ಕೊಬ್ಬು. ಅಂದರೆ ಜಾತಿಗಿಂತ ಯಾವ ಭಾಗ ತಿನ್ನುತ್ತೀರಿ, ಚರ್ಮ ಇದೆಯೋ ಇಲ್ಲವೋ, ಎಷ್ಟು ಎಣ್ಣೆ ಸುರಿಯುತ್ತೀರಿ ಎನ್ನುವುದೇ ಮುಖ್ಯ. ಕೊಲೆಸ್ಟರಾಲ್, ತೂಕ ಹೆಚ್ಚಿದ್ದವರು ಚರ್ಮ ಬಿಡಿ. ಬೆಳೆಯುವ ಮಕ್ಕಳಿಗೆ ತೊಡೆ ಮಾಂಸ ಒಳ್ಳೆಯದು, ಮೆತ್ತಗಿರುತ್ತದೆ, ಕಬ್ಬಿಣ ಮತ್ತು ಸತುವಿನ ಅಂಶ ಎದೆಗಿಂತ ಸ್ವಲ್ಪ ಹೆಚ್ಚು.

ಹಾರ್ಮೋನ್ ಚುಚ್ಚುವ ಮಾತಿಗೆ ಬರೋಣ. ಸಾವಿರಾರು ಕೋಳಿಗಳಿಗೆ ದಿನಾ ಸೂಜಿ ಚುಚ್ಚುವುದು ಯಾವ ಫಾರಂಗೂ ಸಾಧ್ಯವಿಲ್ಲ. ಬೆಳವಣಿಗೆಯ ಹಾರ್ಮೋನ್ ಸ್ವತಃ ಒಂದು ಪ್ರೊಟೀನ್. ಮೇವಿನಲ್ಲಿ ಹಾಕಿದರೆ ಜೀರ್ಣವಾಗಿ ಹೋಗುತ್ತದೆ. ಬ್ರಾಯ್ಲರ್ ಬೇಗ ಬೆಳೆಯುವುದು ದಶಕಗಳ ಕಾಲ ಆರಿಸಿ ಆರಿಸಿ ತಳಿ ಮಾಡಿದ್ದರಿಂದ ಮತ್ತು ಲೆಕ್ಕ ಹಾಕಿ ಕೊಡುವ ಮೇವಿನಿಂದ. ಈ ಉದ್ಯಮ ನಮ್ಮ ಪುಣೆಗೆ ಹೊಸದೂ ಅಲ್ಲ, ದೂರವೂ ಅಲ್ಲ. ವೆಂಕಟೇಶ್ವರ ಹ್ಯಾಚರೀಸ್ ಸಮೂಹದ ಮುಖ್ಯ ಕಚೇರಿ ಇರುವುದು ಇದೇ ಊರಲ್ಲಿ.

ಹೆದರಬೇಕಾದ ವಿಷಯ ಬೇರೆ ಇದೆ. ಅದು ಆಂಟಿಬಯೋಟಿಕ್. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ದೆಹಲಿ ಸುತ್ತಮುತ್ತಲ 70 ಕೋಳಿ ಮಾದರಿ ಪರೀಕ್ಷಿಸಿದಾಗ ಶೇ. 40ರಲ್ಲಿ ಆಂಟಿಬಯೋಟಿಕ್ ಅಂಶ ಸಿಕ್ಕಿತ್ತು. ಮನುಷ್ಯರಿಗೆ ಕೊನೆಯ ಅಸ್ತ್ರದಂತೆ ಬಳಸುವ ಕೊಲಿಸ್ಟಿನ್ ಔಷಧಿಯನ್ನು ಕೋಳಿ ಮತ್ತು ಇತರ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಈ ಔಷಧಿ ಅಂಶ ಬೇಯಿಸಿದರೆ ಪೂರ್ತಿ ಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ. ನಾವು ಮಾಡಬಹುದಾದದ್ದು ಇಷ್ಟು: ವಾರವೆಲ್ಲ ಕೋಳಿಯನ್ನೇ ತಿನ್ನದೆ ಮೊಟ್ಟೆ, ಮೀನು, ಬೇಳೆ, ಕಾಳುಗಳ ನಡುವೆ ಹಂಚಿಕೊಂಡು ತಿನ್ನುವುದು, ಲಿವರ್ ಮತ್ತು ಕಲ್ಲೆಮೆಯನ್ನು ಅಪರೂಪಕ್ಕೆ ಇಟ್ಟುಕೊಳ್ಳುವುದು. "ಫಾರಂನವರು ಔಷಧಿ ಕೊಟ್ಟಿರುತ್ತಾರೆ" ಎಂಬ ಆತಂಕ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಗಾವರಾನ್ ಹೆಸರಿನ ಲೇಯರ್ ಅಲ್ಲ. ಅದೂ ಫಾರಂನಿಂದಲೇ ಬಂದದ್ದು.

*ರಸ ಬಾಣಂತಿಗೆ, ತುಂಡು ಉಳಿದವರಿಗೆ?*

ಈ ಮಾತು ಕೆಲವರಿಗೆ ಕಹಿ ಎನಿಸಬಹುದು, ಆದರೂ ಹೇಳಲೇಬೇಕು. ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ, ಜ್ವರ ಬಂದವರಿಗೆ, ವಯಸ್ಸಾದವರಿಗೆ ಜವಾರಿ ಕೋಳಿ ತರುತ್ತಾರೆ. ಅವರಿಗೆ ಕೊಡುವುದು ಮಾತ್ರ ಒಂದು ಬಟ್ಟಲು ರಸ. "ಶಕ್ತಿ ಎಲ್ಲ ರಸದಲ್ಲಿ ಇಳಿದಿದೆ" ಎಂಬ ನಂಬಿಕೆ. ತುಂಡುಗಳು ಉಳಿದವರ ತಟ್ಟೆಗೆ ಹೋಗುತ್ತವೆ.

ರಸದಲ್ಲಿ ಉಪ್ಪು, ನೀರು, ಪರಿಮಳ, ಕರಗಿದ ಅಂಟು, ಸ್ವಲ್ಪ ಕೊಬ್ಬು ಇರುತ್ತದೆ. ಬಾಯಿ ಕೆಟ್ಟವರಿಗೆ, ಮೂಗು ಕಟ್ಟಿದವರಿಗೆ ಅದು ಹಿತವೇ. ಆದರೆ ಮೈ ತುಂಬಿಕೊಳ್ಳಲು ಬೇಕಾದ ಪ್ರೊಟೀನ್ ಉಳಿಯುವುದು ತುಂಡಿನಲ್ಲಿ. ಕಾಲಿನ ಸೂಪ್ ಕುಡಿದರೆ ಮೂಳೆಗೆ ಕ್ಯಾಲ್ಸಿಯಂ ಸಿಗುತ್ತದೆ ಎನ್ನುವುದೂ ಅಷ್ಟೇ. ಸೂಪಿಗೆ ಇಳಿಯುವ ಕ್ಯಾಲ್ಸಿಯಂ ಅತ್ಯಲ್ಪ. ಒಂದು ಲೋಟ ಹಾಲು, ಒಂದು ಹಿಡಿ ರಾಗಿ ಅದಕ್ಕಿಂತ ಎಷ್ಟೋ ಮೇಲು.

ಹಾಗಾಗಿ ಹಲ್ಲಿಲ್ಲದ ಅಜ್ಜಿಗೆ, ಸುಸ್ತಾದ ಬಾಣಂತಿಗೆ ಗಟ್ಟಿ ಜವಾರಿಯ ರಸಕ್ಕಿಂತ ಮೆತ್ತಗೆ ಬೆಂದ ಬ್ರಾಯ್ಲರ್ ತೊಡೆಯ ಎರಡು ತುಂಡು ಹೆಚ್ಚು ಉಪಕಾರ ಮಾಡುತ್ತದೆ. ಜವಾರಿಯೇ ಕೊಡಬೇಕೆಂದರೆ ಎಲುಬಿನಿಂದ ಬಿಡುವಷ್ಟು ಬೇಯಿಸಿ, ಮಾಂಸ ಬಿಡಿಸಿ ರಸಕ್ಕೇ ಹಾಕಿ ಕೊಡಿ. ಯೂರಿಕ್ ಆಮ್ಲ ಹೆಚ್ಚಿರುವವರು ದಟ್ಟ ರಸ, ಲಿವರ್ ಎರಡನ್ನೂ ಕಡಿಮೆ ಮಾಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಪ್ರಮಾಣವನ್ನು ವೈದ್ಯರನ್ನೇ ಕೇಳಬೇಕು.

*ಪುಣೆ ಕಲಿಸಿದ ಪಾಠ*

2025ರ ಜನವರಿ ನಮಗೆಲ್ಲ ನೆನಪಿದೆ. ನಮ್ಮಿಂದ ಕೆಲವೇ ಕಿಲೋಮೀಟರ್ ದೂರದ ಸಿಂಹಗಡ ರಸ್ತೆ, ನಾಂದೇಡ್ ಗಾಂವ್, ಕಿರ್ಕಟವಾಡಿ, ಧಾಯರಿ ಭಾಗದಲ್ಲಿ ಗೀಯನ್ ಬಾರೇ ಸಿಂಡ್ರೋಮ್, ಜಿಬಿಎಸ್ ಎಂದು ಪತ್ರಿಕೆಗಳು ಬರೆದ ಕಾಯಿಲೆ ಕಾಣಿಸಿಕೊಂಡಿತು. ಕೈಕಾಲು ಸೋಲುವ, ಕೆಲವರಿಗೆ ಉಸಿರಾಟಕ್ಕೇ ತೊಂದರೆಯಾಗುವ ಕಾಯಿಲೆ ಅದು. ಪುಣೆ ಪ್ರದೇಶದಲ್ಲಿ 200ಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಕೆಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಮುಖ್ಯವಾಗಿ ಸಂಶಯ ಬಿದ್ದದ್ದು ಕಲುಷಿತ ನೀರಿನ ಮೇಲೆ. ಆದರೆ ಈ ಬ್ಯಾಕ್ಟೀರಿಯಾ ಕೋಳಿಗಳ ಕರುಳಿನಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಹಾಗಾಗಿ ಅನೇಕರು ಕೋಳಿ ತಿನ್ನುವುದನ್ನೇ ಬಿಟ್ಟರು.

ಬಿಡುವುದು ಬೇಕಾಗಿರಲಿಲ್ಲ. ಪೂರ್ತಿ ಬೇಯಿಸುವುದು ಬೇಕಿತ್ತು. ಕ್ಯಾಂಪಿಲೋಬ್ಯಾಕ್ಟರ್ ಆಗಲಿ ಸಾಲ್ಮೊನೆಲ್ಲಾ ಆಗಲಿ, ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಯುತ್ತವೆ. ಕ್ಯಾಂಪಿಲೋಬ್ಯಾಕ್ಟರ್‌ನಿಂದ ಭೇದಿಯಾದ ಎಲ್ಲರಿಗೂ ಜಿಬಿಎಸ್ ಬರುವುದಿಲ್ಲ, ಸಾವಿರದಲ್ಲಿ ಒಬ್ಬರಿಗೆ ಬರಬಹುದು ಅಷ್ಟೇ. ಆದರೆ ಆ ಒಬ್ಬರು ನಮ್ಮ ಮನೆಯವರಾಗಬಾರದು.

ಜವಾರಿ ಮೇಲೆ ಬ್ಯಾಕ್ಟೀರಿಯಾ ಇರುವುದಿಲ್ಲ ಎಂಬ ಭ್ರಮೆ ಬೇಡ. ತಿಪ್ಪೆ ಕೆದರಿದ ಕೋಳಿಯಲ್ಲೂ ಇರುತ್ತದೆ. ಅಲ್ಲಿಗೆ ಮತ್ತೆ ನಮ್ಮ ಮೊದಲ ಮಾತಿಗೇ ಬಂದೆವು. ಸಾರಿನ ಕೋಳಿಯನ್ನು ಸುಡಲು ಹೋದರೆ, ದೊಡ್ಡ ತುಂಡನ್ನು ಅವಸರದಲ್ಲಿ ಕರಿದರೆ, ಮಂಜುಗಡ್ಡೆ ಬಿಡದ ಕೋಳಿಯನ್ನು ಓವನ್‌ಗೆ ಇಟ್ಟರೆ ಒಳಗೆ ಹಸಿ ಉಳಿಯುತ್ತದೆ. ಅಪಾಯ ಇರುವುದು ಅಲ್ಲಿ.

ಮನೆಯಲ್ಲಿ ಇಷ್ಟು ಪಾಲಿಸಿ:

ಬೆಂದಿದೆಯೋ ಇಲ್ಲವೋ ನೋಡಲು ದಪ್ಪ ತುಂಡನ್ನು ಎಲುಬಿನ ಹತ್ತಿರ ಬಿಡಿಸಿ. ರಸ ತಿಳಿಯಾಗಿರಬೇಕು, ಮಾಂಸ ಎಲುಬಿನಿಂದ ಸಲೀಸಾಗಿ ಬಿಡಬೇಕು. ಎಳೆ ಬ್ರಾಯ್ಲರ್‌ನ ಎಲುಬಿನ ಪಕ್ಕ ಬೆಂದ ಮೇಲೂ ಕೆಂಪು ಕಾಣಬಹುದು, ಹಾಗಾಗಿ ಬಣ್ಣವೊಂದನ್ನೇ ನಂಬಬೇಡಿ. ಅನುಮಾನವಿದ್ದರೆ ಇನ್ನೈದು ನಿಮಿಷ.

ನಲ್ಲಿಯ ಕೆಳಗೆ ಹಿಡಿದು ಜೋರಾಗಿ ತೊಳೆಯಬೇಡಿ. ಹನಿ ಸಿಡಿದು ಪಕ್ಕದಲ್ಲಿರುವ ಕೊತ್ತಂಬರಿ, ತಟ್ಟೆ, ನೀರಿನ ಪಾತ್ರೆಗೆಲ್ಲ ಬ್ಯಾಕ್ಟೀರಿಯಾ ಹರಡುತ್ತದೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಆಳದ ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ಅದ್ದಿ ತೆಗೆಯಿರಿ, ಆಮೇಲೆ ಸಿಂಕ್ ಮತ್ತು ಕೈಯನ್ನು ಸೋಪು ಹಾಕಿ ತೊಳೆಯಿರಿ.

ಕೋಳಿ ಕತ್ತರಿಸಿದ ಚಾಕು, ಮಣೆಯಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ.

ಎದುರಿಗೇ ಕತ್ತರಿಸಿದ ಕೋಳಿ ತನ್ನಿ. ಭಾನುವಾರ ಮತ್ತು ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆಯ ದಿನ ಅಂಗಡಿಗಳಲ್ಲಿ ನೂಕುನುಗ್ಗಲು. ನಮಗದು ಭೀಮನ ಅಮಾವಾಸ್ಯೆ, ಇಲ್ಲಿಯವರಿಗೆ ಗಟಾರಿ. ಅಂಥ ದಿನ ಮೊದಲೇ ಕತ್ತರಿಸಿ ಗುಡ್ಡೆ ಹಾಕಿದ ಮಾಂಸ ಬೇಡ. ಅಂಟಂಟಾದ, ವಾಸನೆ ಬರುವ ಮಾಂಸವನ್ನು ಮಸಾಲೆ ಹಾಕಿ ಮುಚ್ಚಲು ನೋಡಬೇಡಿ.

ಕತ್ತರಿಸಿದ ಮಾಂಸವಾಗಲಿ, ಮಾಡಿದ ಅಡುಗೆಯಾಗಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬೇಡ. ಫ್ರಿಡ್ಜ್‌ನಲ್ಲಿ ಹಸಿ ಕೋಳಿಯನ್ನು ಮುಚ್ಚಿ ಕೆಳಗಿನ ಅಂಕಣದಲ್ಲಿಡಿ, ಒಂದೆರಡು ದಿನದೊಳಗೆ ಬಳಸಿ.

ಕೋಣೆ ಹಂಚಿಕೊಂಡು ಇರುವ, ಫ್ರಿಡ್ಜ್ ಇಲ್ಲದ ನಮ್ಮ ತಮ್ಮಂದಿರಿಗೆ ಒಂದು ಮಾತು. ಕಟ್ಟಡದ ಕೆಲಸ, ಹೋಟೆಲ್ ಕೆಲಸ ಮುಗಿಸಿ ರಾತ್ರಿ ಬಂದು ಅಡುಗೆ ಮಾಡುವವರು ನೀವು. ಆ ಹೊತ್ತಿನಲ್ಲಿ ಜವಾರಿಗೆ ಹೋಗಬೇಡಿ. ಅವತ್ತು ತಿನ್ನುವಷ್ಟೇ ಬ್ರಾಯ್ಲರ್, ಸಣ್ಣ ತುಂಡು ಮಾಡಿಸಿ ತನ್ನಿ, ತಂದ ಕೂಡಲೇ ಬೇಯಿಸಿ. ಅರ್ಧ ಗಂಟೆಯಲ್ಲಿ ಊಟ. ಮರುದಿನದ ಡಬ್ಬಿಗೆ ಉಳಿಸಬೇಡಿ. ಪುಣೆಯ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ರಾತ್ರಿಯ ಸಾರು ಬೆಳಗಿನ ಹೊತ್ತಿಗೆ ಕೆಟ್ಟಿರುತ್ತದೆ, ವಾಸನೆ ಬಾರದಿದ್ದರೂ.

*ಕೊನೆಯ ಮಾತು*

ಜವಾರಿ ಕೋಳಿ ಎಂದರೆ ನಮಗೆ ಬರೀ ಮಾಂಸ ಅಲ್ಲ. ಊರು, ಜಾತ್ರೆ, ಹಬ್ಬದ ಮರುದಿನದ ಊಟ ಎಲ್ಲವೂ ಅದರಲ್ಲಿದೆ. ಆ ನೆನಪಿಗೆ ಬೆಲೆ ಕಟ್ಟುವುದು ಬೇಡ. ಊರಿಗೆ ಹೋದಾಗ ಗೊತ್ತಿರುವ ಮನೆಯಿಂದ ಒಳ್ಳೆ ಹುಂಜ ತಂದು ಸಾವಕಾಶವಾಗಿ ಸಾರು ಮಾಡಿ ಎಲ್ಲರೂ ಕೂತು ಉಣ್ಣಿ. ಸಾಕಿದವರಿಗೂ ನಾಲ್ಕು ಕಾಸು ಸಿಗುತ್ತದೆ.

ಆದರೆ ಇಲ್ಲಿ, ಬಾಡಿಗೆ, ಶಾಲೆಯ ಫೀಸು, ಊರಿಗೆ ಕಳಿಸುವ ಹಣ ಎಲ್ಲವನ್ನೂ ತೂಗಿಸುವ ಮನೆಯಲ್ಲಿ, ಹೆದರಿಸುವ ಸಂದೇಶಗಳನ್ನು ನಂಬಿ ತಿಂಗಳಿಗೊಮ್ಮೆ ದುಬಾರಿ ಗಾವರಾನ್ ತಂದು ಉಳಿದ ವಾರ ಮಕ್ಕಳಿಗೆ ಬರೀ ಅನ್ನ ಸಾರು ಹಾಕುವುದು ಆರೋಗ್ಯದ ದಾರಿಯಲ್ಲ. ಅದೇ ಹಣದಲ್ಲಿ ಎರಡು ವಾರ ಬ್ರಾಯ್ಲರ್, ನಡುವೆ ಮೊಟ್ಟೆ, ಕಾಳು ಬಂದರೆ ಮಕ್ಕಳ ಮೈಗೆ ಹೆಚ್ಚು ಹತ್ತುತ್ತದೆ.

ಮುಂದಿನ ಸಲ ಅಂಗಡಿ ಮುಂದೆ ನಿಂತಾಗ ಮೊದಲು ಇವತ್ತು ಏನು ಅಡುಗೆ ಎಂದು ತೀರ್ಮಾನಿಸಿ. ಕೋಳಿ ಯಾವುದೆಂದು ಅದೇ ಹೇಳುತ್ತದೆ.

ಓದಿ ಸರಿ ಎನಿಸಿದರೆ ನಿಮ್ಮ ಬಂಧುಗಳಿಗೂ ಕಳಿಸಿ. ಮುಖ್ಯವಾಗಿ "ಬ್ರಾಯ್ಲರ್ ವಿಷ" ಎಂಬ ಸಂದೇಶ ಯಾರು ಕಳಿಸಿದ್ದರೋ ಅವರಿಗೆ ತಪ್ಪದೆ ಕಳಿಸಿ.